ಜೋಳದ ರೊಟ್ಟಿ ಉಣ್ಣುವವರಿಗೆ ಲೈಸಿನ್ ಎಲ್ಲಿಂದ?

ಪ್ರಶ್ನೆ: ನೀಲಗುಂದದ ನಮ್ಮ ಮನೆಯಲ್ಲಿ ದಿನವೂ ಜೋಳದ ರೊಟ್ಟಿ. ಮಾಂಸ, ಮೊಟ್ಟೆ ತಿನ್ನದ ನಮಗೆ ಲೈಸಿನ್ ಎಲ್ಲಿಂದ ಸಿಗುತ್ತದೆ?

ಉತ್ತರ: ಮುಖ್ಯವಾಗಿ ಬೇಳೆಕಾಳು ಮತ್ತು ಹೈನದಿಂದ.

ಲೈಸಿನ್ ಒಂದು ಅತ್ಯಾವಶ್ಯಕ ಅಮೈನೊ ಆಮ್ಲ. ದೇಹ ಇದನ್ನು ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಚರ್ಮ, ಎಲುಬುಗಳಿಗೆ ಗಟ್ಟಿತನ ಕೊಡುವ ಕೊಲಾಜನ್ ರೂಪುಗೊಳ್ಳಲು ಇದು ಬೇಕು. 1889ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಎಡ್ಮಂಡ್ ಡ್ರೆಕ್ಸೆಲ್ ಇದನ್ನು ಮೊದಲು ಬೇರ್ಪಡಿಸಿದ್ದು ಹಾಲಿನ ಕೇಸೀನ್‌ನಿಂದ.

ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಂತೆ ವಯಸ್ಕರಿಗೆ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 30 ಮಿಲಿಗ್ರಾಂ ಲೈಸಿನ್ ಬೇಕು. 50 ಕೆಜಿ ತೂಗುವವರಿಗೆ ಅದು ಒಂದೂವರೆ ಗ್ರಾಂ. ಜೋಳದ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದ್ದರೂ ಲೈಸಿನ್ ಕಾಲು ಗ್ರಾಂ ಮುಟ್ಟುವುದೂ ಕಷ್ಟ. ದಿನಕ್ಕೆ 300 ಗ್ರಾಂ ಹಿಟ್ಟಿನ ರೊಟ್ಟಿ ಉಂಡರೂ ಅಗತ್ಯದ ಅರ್ಧದಷ್ಟು ಸಿಗುವುದಿಲ್ಲ.

ಉಳಿದದ್ದನ್ನು ತುಂಬುವುದು ರೊಟ್ಟಿಯ ಪಕ್ಕದ ಪಲ್ಯ. 50 ಗ್ರಾಂ ತೊಗರಿಬೇಳೆ ಅಥವಾ ಹೆಸರುಕಾಳಿನಲ್ಲಿ ಸುಮಾರು ಮುಕ್ಕಾಲು ಗ್ರಾಂ ಲೈಸಿನ್ ಇದೆ. ಕಡಲೆ, ಮಡಿಕೆಕಾಳು, ಅಲಸಂದೆ, ಹುರುಳಿಯೂ ಇದೇ ಸಾಲಿನವು. ದೊಡ್ಡ ಲೋಟ ಹಾಲು ಅಥವಾ ಅಷ್ಟೇ ಮೊಸರು ಇನ್ನೂ ಅರ್ಧ ಗ್ರಾಂಗಿಂತ ಹೆಚ್ಚು ಕೊಡುತ್ತದೆ. ಕಾಳುಗಳಲ್ಲಿ ಕಡಿಮೆ ಇರುವ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೊ ಆಮ್ಲವನ್ನು ಜೋಳ ಒದಗಿಸುತ್ತದೆ.

ಶೇಂಗಾ ಚಟ್ನಿಯೊಂದನ್ನೇ ನಂಬಬೇಡಿ. ಶೇಂಗಾದಲ್ಲಿ ಪ್ರೋಟೀನ್ ಹೇರಳ, ಆದರೆ ಆ ಪ್ರೋಟೀನಿನಲ್ಲಿ ಲೈಸಿನ್ ಪಾಲು ಬೇಳೆಯದರ ಅರ್ಧದಷ್ಟೇ.

ಬೆಳೆಯುವ ಮಕ್ಕಳಿಗೆ ತೂಕದ ಲೆಕ್ಕದಲ್ಲಿ ಇನ್ನೂ ಹೆಚ್ಚು ಬೇಕು. ಅವರಿಗೆ ತಿಳಿಸಾರಷ್ಟೇ ಸಾಲದು, ತಳದ ಗಟ್ಟಿ ಬೇಳೆಯನ್ನೂ ಬಡಿಸಿ.