ಮರಳುಗಾಡಿನ ಛತ್ರದಲ್ಲಿ ಎರಡು ರಾತ್ರಿ

ನಮ್ಮ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರಿನ ಹೆಸರನ್ನೂ ಬರೆದಿರುತ್ತಾರೆ. ನನ್ನದರಲ್ಲಿ ‘ಇಂಡಿ’ ಎಂದಿದೆ. ದುಬೈ ವಿಮಾನ ನಿಲ್ದಾಣದ ಅಧಿಕಾರಿ ಅದರ ಮೇಲೆ ಬೆರಳಿಟ್ಟು ನನ್ನ ಮುಖವನ್ನು ನೋಡಿದನು. ದೇಶದ ಹೆಸರಿನ ಕೊನೆಯ ಅಕ್ಷರ ಬಿಟ್ಟುಹೋಗಿದೆಯೆಂದು ಅವನ ಭಾವನೆ. ಇಲ್ಲಪ್ಪ, ಅದು ಒಂದು ಊರು, ಬಿಜಾಪುರ ಸೀಮೆಯ ತಾಲೂಕು ಸ್ಥಳ ಎಂದು ನಾನು ತಿಳಿಯಹೇಳಿದೆ. ಅವನು ನಕ್ಕು ಮುದ್ರೆಯೊತ್ತಿದನು.

ಅಮೆರಿಕೆಯಲ್ಲಿರುವ ಮಗನ ಮನೆಯಿಂದ ನಾವು ದಂಪತಿಗಳು ಹಿಂದಿರುಗುತ್ತಿದ್ದೆವು. ಒಂದೇ ಉಸಿರಿನ ಪ್ರಯಾಣ ಮುದುಕರಿಗೆ ಆಗದೆಂದು ಮಗ ನಡುವೆ ದುಬೈಯಲ್ಲಿ ಎರಡು ರಾತ್ರಿಗಳ ವಿಶ್ರಾಂತಿಯನ್ನು, ಅದೂ ನಾನು ಕನಸಿನಲ್ಲಿಯೂ ಮೆಟ್ಟಿಲೇರದಂಥ ಹೋಟೆಲಿನಲ್ಲಿ, ಏರ್ಪಡಿಸಿದ್ದನು. ಅಲ್ಲಿ ಕಂಡದ್ದಕ್ಕಿಂತ ಅಲ್ಲಿ ಎದ್ದ ಒಂದು ಪ್ರಶ್ನೆಯನ್ನು ಕೇಳುಗರ ಮುಂದಿಡುವುದು ಈ ಭಾಷಣದ ಉದ್ದೇಶ. ಮಳೆಯಿಲ್ಲದ ಊರು ದಾರಿಹೋಕರಿಗೆ ಸ್ವರ್ಗವಾದುದು ಹೇಗೆ? ಮಳೆಯುಳ್ಳ ನಮ್ಮ ಊರಿನವರು ಗುಳೆ ಹೊರಡುವುದು ಏಕೆ?

ದಾರಿ ಕೂಡುವಲ್ಲಿ ಛತ್ರ ಹುಟ್ಟುವುದು ಲೋಕರೂಢಿ. ನಮ್ಮ ಧರ್ಮಶಾಲೆಗಳು ಪುಣ್ಯಕ್ಕಾಗಿ ನಡೆದವು. ದುಬೈ ತಾನೇ ಒಂದು ಛತ್ರವಾಗಿ ಅದನ್ನು ವ್ಯಾಪಾರವಾಗಿ ನಡೆಸುತ್ತದೆ. ಒಂದು ಕಾಲಕ್ಕೆ ಅದು ಕಡಲ ಕಾಲುವೆಯೊಂದರ ದಡದಲ್ಲಿದ್ದ ಮೀನುಗಾರರ, ಮುತ್ತು ತೆಗೆಯುವವರ ಊರು. ಜಪಾನಿನವರು ಮುತ್ತನ್ನು ಕೃಷಿ ಮಾಡಿ ಬೆಳೆಯತೊಡಗಿದ ಮೇಲೆ, 1930ರ ದಶಕದ ಜಾಗತಿಕ ಮುಗ್ಗಟ್ಟೂ ಕೂಡಿಬಂದು, ಆ ಕಸುಬು ನೆಲಕಚ್ಚಿತು. ಆಗ ಆ ಊರನ್ನು ಬದುಕಿಸಿದ್ದು ಹಡಗಿನ ವ್ಯಾಪಾರ, ಬಹುಮಟ್ಟಿಗೆ ನಮ್ಮ ದೇಶದೊಡನೆ. 1966ರವರೆಗೆ ಅಲ್ಲಿ ಚಲಾವಣೆಯಲ್ಲಿದ್ದ ಹಣ ರೂಪಾಯಿ. ಕೊಲ್ಲಿ ನಾಡುಗಳಿಗೆಂದೇ ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಪ್ರತ್ಯೇಕ ನೋಟುಗಳನ್ನು ಅಚ್ಚು ಹಾಕಿಸಿತ್ತು. 1960ರಲ್ಲಿ ತೆರೆದ ಅಲ್ಲಿಯ ಮೊದಲ ವಿಮಾನ ನಿಲ್ದಾಣದ ಓಡುದಾರಿ ಗಟ್ಟಿಯಾಗಿ ತುಳಿದ ಮರಳಿನದು. ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅದು ನೆರೆಯ ಅಬುಧಾಬಿಯಷ್ಟು ಹೇರಳವಲ್ಲವೆಂದು ಅರಿತ ಆಳುವವರು ಬಂದ ಹಣವನ್ನು ಬಂದರಿಗೂ ವಿಮಾನಕ್ಕೂ ಸುರಿದರು. 1985ರಲ್ಲಿ ಅವರ ವಿಮಾನ ಸಂಸ್ಥೆ ಶುರುವಾದಾಗ ಪಾಕಿಸ್ತಾನದಿಂದ ವಿಮಾನಗಳನ್ನು ಬಾಡಿಗೆಗೆ ತರಬೇಕಾಯಿತು. ಪೂರ್ವ ಪಶ್ಚಿಮಗಳ ನಡುವೆ ಇರುವ ಊರಿನಲ್ಲಿ ಪಯಣಿಗರು ವಿಮಾನ ಬದಲಿಸಲೇಬೇಕು; ಬದಲಿಸುವವರನ್ನು ಎರಡು ದಿನ ನಿಲ್ಲಿಸಿಕೊಂಡರೆ ಹೋಟೆಲು, ಅಂಗಡಿ, ಬಾಡಿಗೆ ಕಾರು ಎಲ್ಲಕ್ಕೂ ಜೀವ ಬರುತ್ತದೆ. 1999ರಲ್ಲಿ ಹಡಗಿನ ಹಾಯಿಯಂಥ ಹೋಟೆಲನ್ನೂ 2010ರಲ್ಲಿ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಗೋಪುರವನ್ನೂ ತೆರೆದದ್ದರ ಹಿಂದಿನ ಲೆಕ್ಕಾಚಾರವೂ ಇದೇ: ಹಾದುಹೋಗುವವನು ಕೆಳಗಿಳಿದು ನೋಡಬೇಕು.

ಇದೆಲ್ಲ ಪುಸ್ತಕದಿಂದಲೂ ತಿಳಿಯಬಹುದಾದದ್ದು. ನನ್ನ ಮನಸ್ಸು ತಡೆದು ನಿಂತದ್ದು ಹೋಟೆಲಿನ ಬಚ್ಚಲುಮನೆಯಲ್ಲಿ. ಅಮೃತಶಿಲೆಯ ತೊಟ್ಟಿಯೊಂದು ಅಲ್ಲಿತ್ತು. ಆಳುದ್ದದ ಅದನ್ನು ತುಂಬಿಸಲು ನಲ್ಲಿ ತಿರುಗಿಸಿದರೆ ಸಾಕು. ನನ್ನ ತಾಯಿ ಬೇಸಿಗೆಯಲ್ಲಿ ನಸುಕಿಗೆದ್ದು ಊರಾಚೆಯ ಬಾವಿಯಿಂದ ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ತರುತ್ತಿದ್ದಳು. ತೊಟ್ಟಿಗೆ ಎಷ್ಟು ಕೊಡ ಹಿಡಿದೀತೆಂದು ನಾನು ಮನಸ್ಸಿನಲ್ಲಿಯೇ ಎಣಿಸಿದೆ. ಕೊನೆಗೆ ಬಕೇಟು ಕೇಳಿದೆ. ಅದು ಆ ಹೋಟೆಲಿನಲ್ಲಿ ಇರಲಿಲ್ಲ.

ಈ ನೀರು ಬರುವುದು ಸಮುದ್ರದಿಂದ. ಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ ಆ ಕೊಲ್ಲಿಯಲ್ಲಿ 40ಕ್ಕೂ ಮಿಗಿಲು. ಅದನ್ನು ಸಿಹಿ ಮಾಡುವ ಹಳೆಯ ಕ್ರಮ ಕಾಯಿಸುವುದು: ವಿದ್ಯುತ್ ಕೇಂದ್ರದಲ್ಲಿ ಉಳಿಯುವ ಶಾಖದಿಂದ ಉಪ್ಪುನೀರನ್ನು ಬಿಸಿ ಮಾಡಿ, ಒಂದಕ್ಕಿಂತ ಒಂದರಲ್ಲಿ ಒತ್ತಡ ಕಡಿಮೆಯಿರುವ ಕೋಣೆಗಳ ಸಾಲಿನಲ್ಲಿ ಹರಿಸುತ್ತಾರೆ. ಒತ್ತಡ ತಗ್ಗಿದಲ್ಲಿ ನೀರು ತಟ್ಟನೆ ಆವಿಯಾಗುತ್ತದೆ. ಆವಿ ತಣಿದರೆ ಸಿಹಿನೀರು. ಹೊಸ ಕ್ರಮದಲ್ಲಿ ಅತಿ ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ಉಪ್ಪುನೀರನ್ನು ಬಲವಾಗಿ ಒತ್ತುತ್ತಾರೆ. ನೀರು ದಾಟುತ್ತದೆ, ಉಪ್ಪು ಹಿಂದುಳಿಯುತ್ತದೆ. ಜೆಬೆಲ್ ಅಲಿ ಎಂಬಲ್ಲಿಯ ಕೇಂದ್ರದ ಶಕ್ತಿ ದಿನವೊಂದಕ್ಕೆ ಸುಮಾರು 49 ಕೋಟಿ ಗ್ಯಾಲನ್, ಅಂದರೆ ಇನ್ನೂರು ಕೋಟಿ ಲೀಟರಿಗಿಂತ ಹೆಚ್ಚು. ಎರಡು ಕ್ರಮಗಳಿಗೂ ಶಕ್ತಿ ಬೇಕು. ಉಳಿದ ಗಟ್ಟಿ ಉಪ್ಪುನೀರು ಮತ್ತೆ ಅದೇ ಕೊಲ್ಲಿಗೆ ಸೇರಬೇಕು. ಆ ತೊಟ್ಟಿಯನ್ನು ತುಂಬುವುದು ನೀರಿನ ಬಣ್ಣದ ಇಂಧನವೆಂದರೂ ನಡೆದೀತು.

ಈಗ ನಮ್ಮ ಕಡೆ ನೋಡೋಣ. ದುಬೈಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ನೂರು ಮಿಲಿಮೀಟರನ್ನು ಮುಟ್ಟುವುದೂ ಕಷ್ಟ. ಬಿಜಾಪುರ, ಅಂದರೆ ಇಂದಿನ ವಿಜಯಪುರ ಜಿಲ್ಲೆಯಲ್ಲಿ ಅದು ಆರುನೂರರ ಆಸುಪಾಸಿನಲ್ಲಿದೆ. ಆರು ಪಟ್ಟು ಮಳೆಯುಳ್ಳ ನಾವು ಬಡವರಾದದ್ದು ಅದು ಕೆಲವೇ ದಿನಗಳಲ್ಲಿ ಭೋರೆಂದು ಸುರಿದು ಹರಿದುಹೋಗುವುದರಿಂದ. ಎರೆಮಣ್ಣಿನ ಕೆಳಗಿರುವುದು ಕರಿಯ ಬಸಾಲ್ಟ್ ಬಂಡೆ. ಅದರ ಬಿರುಕುಗಳಲ್ಲಿಯೂ ಶಿಥಿಲವಾದ ಪದರಗಳಲ್ಲಿಯೂ ಮಾತ್ರ ನೀರು ನಿಲ್ಲುತ್ತದೆ. ಆದುದರಿಂದಲೇ ನಮ್ಮಲ್ಲಿ ಕೊಳವೆಬಾವಿ ಕೊರೆಸುವುದೆಂದರೆ ಜೂಜಾಟ. ಒಬ್ಬನ ಹೊಲದಲ್ಲಿ ಚಿಮ್ಮಿದ ನೀರು ಪಕ್ಕದ ಹೊಲದಲ್ಲಿ ಧೂಳಾಗುತ್ತದೆ.

ಹಾಗಿದ್ದೂ ಈ ಒಣನೆಲದಲ್ಲಿ ಒಮ್ಮೆ ವೈಭವದ ನಗರವೊಂದು ಇತ್ತೆಂಬುದನ್ನು ನಾವು ಮರೆಯಲಾಗದು. ಆದಿಲಶಾಹಿಯ ಬಿಜಾಪುರ ತನ್ನ ಕಾಲದ ದುಬೈ. ಇರಾನಿನ ಕವಿಗಳು, ಅರಬ್ಬೀ ಕುದುರೆಗಳ ವ್ಯಾಪಾರಿಗಳು ಅಲ್ಲಿ ಬಂದಿಳಿಯುತ್ತಿದ್ದರು. ಆ ನಗರಕ್ಕೆ ನೀರುಣಿಸಿದ್ದು ತೊರವಿಯ ಕಡೆಯಿಂದ ನೆಲದಡಿಯಲ್ಲಿ ಬಂದ ಸುರಂಗ, 1620ರ ತಾಜ್ ಬಾವಡಿಯಂಥ ಭಾವಿಗಳು, 1651ರ ಬೇಗಂ ತಲಾಬು, ಮಣ್ಣಿನ ಕೊಳವೆಗಳು, ನೀರಿನ ಒತ್ತಡವನ್ನು ಹದಗೊಳಿಸುತ್ತಿದ್ದ ಗಂಜುಗಳೆಂಬ ಗೋಪುರಗಳು. ಬೆಟ್ಟದ ಬುಡದ ಅಂತರ್ಜಲವನ್ನು ತುಸುವೇ ಇಳಿಜಾರಾದ ಸುರಂಗದ ಮೂಲಕ ತಾನೇ ಹರಿದುಬರುವಂತೆ ಮಾಡುವ ಈ ವಿದ್ಯೆ ಪಾರಸಿಕರಿಂದ ಬಂದ ‘ಕಾರೇಜ್’. ಸೋಜಿಗವೆಂದರೆ ಅರಬರ ಆ ಮರಳುಗಾಡಿನಲ್ಲಿಯೂ ಇದೇ ವಿದ್ಯೆ ‘ಫಲಜ್’ ಎಂಬ ಹೆಸರಿನಿಂದ ಖರ್ಜೂರದ ತೋಟಗಳನ್ನು ಬದುಕಿಸಿತ್ತು. ಅಲ್ ಐನ್ ಊರಿನ ಅಂಥ ಕಾಲುವೆಗಳನ್ನು 2011ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಬಾವಿ ನಾವು ಎಳೆದಷ್ಟು ಕೊಡುತ್ತದೆ, ಬತ್ತುವವರೆಗೆ. ಕಾರೇಜ್ ನೆಲ ತಾನಾಗಿ ಬಿಟ್ಟುಕೊಟ್ಟಷ್ಟನ್ನೇ ಕೊಡುತ್ತದೆ.

ವೈಭವಕ್ಕೂ ಆಯುಷ್ಯವಿದೆ. ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಂ ಆದಿಲಶಹ 1599ರಲ್ಲಿ ತೊರವಿಯ ಬಳಿ ನವರಸಪುರವೆಂಬ ಹೊಸ ನಗರವನ್ನು ಕಟ್ಟತೊಡಗಿದನು. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಇಂದು ಅಲ್ಲಿ ಸಂಗೀತ ಮಹಲಿನ ಮೋಟುಗೋಡೆಗಳನ್ನು ನೋಡಬಹುದು.

ಎರಡನೆಯ ದಿನದ ನಸುಕಿನಲ್ಲಿ ನಾವಿಬ್ಬರೂ ಹೋಟೆಲಿನ ತೋಟದಲ್ಲಿ ಮಾತನಾಡುತ್ತ ಅಡ್ಡಾಡುತ್ತಿದ್ದೆವು. ಗಿಡಗಳ ಬುಡದಲ್ಲಿ ಹನಿ ನೀರಿನ ಸಣ್ಣ ಕೊಳವೆಗಳನ್ನು ಸರಿಪಡಿಸುತ್ತಿದ್ದ ಮಧ್ಯವಯಸ್ಸಿನವನೊಬ್ಬನು ತಟ್ಟನೆ ಎದ್ದು ನಿಂತನು.

“ಯಾವ ಊರ್ರಿ ಸರ ನಿಮ್ದು?”

“ಇಂಡಿ.”

“ನಮ್ದು ಸಿಂದಗಿ ಕಡೀದ್ರಿ. ಊರಾಗ ಮಳಿ ಆತೇನ್ರಿ?”

ಸಾವಿರಾರು ಮೈಲಿಯಾಚೆ ಸಿಕ್ಕ ಊರವನು ಮೊದಲು ಕೇಳಿದ್ದು ಇದನ್ನು. ನಾವು ಬೇರೆ ದಿಕ್ಕಿನಿಂದ ಬಂದವರು; ಹೇಳಲು ನಮ್ಮಲ್ಲಿ ಸುದ್ದಿಯಿರಲಿಲ್ಲ. ಅವನೇ ಹೇಳಿದನು. ಆರು ವರ್ಷಗಳಿಂದ ಅಲ್ಲಿದ್ದಾನೆ. ಊರಲ್ಲಿ ನಾಲ್ಕು ಎಕರೆ, ಅದರಲ್ಲಿ ಲಿಂಬೆಯ ತೋಟ. ಇಲ್ಲಿ ಗಳಿಸಿದ್ದರಲ್ಲಿ ಮೂರು ಕೊಳವೆಬಾವಿ ಕೊರೆಸಿದ. ಎರಡು ಒಣಗಿದ್ದವು, ಮೂರನೆಯದು ಒಂದು ಬೇಸಿಗೆ ಕೊಟ್ಟು ನಿಂತಿತು.

“ಇಲ್ಲಿ ಗಿಡಕ್ಕ ನೀರ ಉಣ್ಣಿಸೂದ ನನ್ನ ಕೆಲಸ್ರಿ ಸರ. ಅಲ್ಲಿ ನನ್ನ ಲಿಂಬಿ ಗಿಡ ಒಣಗ್ಯಾವ್ರಿ.”

ಹೇಳುವಾಗ ಅವನ ದನಿಯಲ್ಲಿ ಗೋಳು ಇರಲಿಲ್ಲ. ಲೆಕ್ಕ ಒಪ್ಪಿಸುವವನಂತೆ ಹೇಳಿದನು. ಮಗಳು ಕಾಲೇಜು ಕಲಿಯುತ್ತಿರುವುದನ್ನು ಮಾತ್ರ ಹಿಗ್ಗಿನಿಂದ ತಿಳಿಸಿದನು. ಅಲ್ಲಿಯ ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೊರನಾಡಿನವರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ದುಡಿಸಬಾರದೆಂಬ ಕಟ್ಟಳೆಯಿದೆ. ಕಟ್ಟಳೆ ಬೇಕಾಯಿತೆಂಬುದೇ ಆ ಬಿಸಿಲಿನ ಅಳತೆ. ತೋಟಕ್ಕೆ ಹರಿಯುವುದು ಕುಡಿಯುವ ನೀರಲ್ಲ, ಬಚ್ಚಲ ನೀರನ್ನು ಶುದ್ಧಮಾಡಿದ್ದು ಎಂದು ವಿವರಿಸಿದವನೂ ಅವನೇ. ನನ್ನ ಹೆಂಡತಿ ಕೋಣೆಗೆ ಹೋಗಿ, ಮಗನ ಮನೆಯಿಂದ ಕಟ್ಟಿ ತಂದಿದ್ದ ಶೇಂಗಾ ಚಟ್ನಿಯ ಡಬ್ಬಿಯನ್ನು ತಂದು ಅವನ ಕೈಗಿತ್ತಳು. ಮುಚ್ಚಳ ತೆರೆದು ಮೂಸಿ ನೋಡಿ, “ಬಾಳ ದಿನಾ ಆಗಿತ್ರಿ ಅವ್ವಾರ” ಎಂದನು.

ಆ ಡಬ್ಬಿಯ ಬೆಲೆ ಆ ಹೋಟೆಲಿನ ಒಂದು ಲೋಟ ಹಣ್ಣಿನ ರಸಕ್ಕೂ ಸಮವಲ್ಲ. ಆದರೆ ನನ್ನ ಪ್ರಶ್ನೆಯ ಉತ್ತರ ಆ ಗಿಡಗಳ ಬುಡದಲ್ಲಿಯೇ ಇತ್ತು. ಸಮುದ್ರವನ್ನು ಸಿಹಿ ಮಾಡುವ ಊರಲ್ಲಿ ದುಡಿದ ಹಣ ನಮ್ಮೂರಿನ ಬಂಡೆಯಲ್ಲಿ ಧೂಳಾಗಿ ಏಳುತ್ತಿದೆ. ಅವರು ನೀರನ್ನು ಕೊಳ್ಳಬಲ್ಲರು. ನಾವು ಕೊಳ್ಳಲಾರೆವು, ಹಿಡಿದಿಡಬಲ್ಲೆವು. ಕೊಂಡ ನೀರನ್ನೂ ಅವರು ನೆಲಕ್ಕೇ ಒಪ್ಪಿಸುತ್ತಾರೆಂಬುದು ಗಮನಿಸತಕ್ಕ ಮಾತು: 2018ರಲ್ಲಿ ಅಬುಧಾಬಿಯವರು ಲಿವಾ ಎಂಬಲ್ಲಿ ಸಿಹಿಗೊಳಿಸಿದ ಕಡಲ ನೀರನ್ನು ಮರಳಿನಡಿ ಇಂಗಿಸಿ, ಆಪತ್ತಿನಲ್ಲಿ ತೊಂಬತ್ತು ದಿನಕ್ಕಾಗುವ ಭಂಡಾರವನ್ನು ಮಾಡಿಟ್ಟರು. ಪುಕ್ಕಟೆ ಬಂದ ಮಳೆಯನ್ನು ನಾವು ಅಷ್ಟು ಜತನದಿಂದ ಇಂಗಿಸಿದ್ದೇವೆಯೆ? ಹೊಲದ ಒಡ್ಡು, ಊರ ಕೆರೆ, ಹೂಳು ತುಂಬಿದ ಬಾವಡಿ, ಇವು ನಮ್ಮ ಲಿವಾ. ಇವನ್ನು ಒಬ್ಬೊಬ್ಬನೇ ಕೊರೆಸಲಾಗದು. ಊರು ಕೂಡಿಯೇ ಕಾಯಬೇಕು. ಒಬ್ಬಂಟಿಗನಾಗಿ ಕೊರೆಸಿದವನು ಮೂರು ಸಲ ಸೋತು ಅಲ್ಲಿ ಗಿಡಕ್ಕೆ ನೀರುಣಿಸುತ್ತಿದ್ದನು.

ದುಬೈಗೂ ನೀರು ಪಾಠ ಹೇಳದೆ ಬಿಟ್ಟಿಲ್ಲ. 2024ರ ಏಪ್ರಿಲ್ 16ರಂದು ಆ ನಾಡಿನಲ್ಲಿ 75 ವರ್ಷಗಳಲ್ಲಿಯೇ ಕಾಣದಂಥ ಮಳೆ ಬಿತ್ತು. ವಿಮಾನಗಳ ಓಡುದಾರಿ ಕೆರೆಯಾಯಿತು, ಪಯಣಿಗರು ನಿಲ್ದಾಣದ ನೆಲದ ಮೇಲೆ ಮಲಗಿದರು. ಸಮುದ್ರವನ್ನು ಪಳಗಿಸಿದ ಊರಿಗೆ ಮುಗಿಲ ನೀರನ್ನು ಎಲ್ಲಿ ಇಡುವುದೆಂದು ತೋಚಲಿಲ್ಲ.

ಮೂರನೆಯ ದಿನ ನಾವು ವಿಮಾನವೇರಿದೆವು. ಊರು ಮುಟ್ಟಿದ ಸಂಜೆ ಇಂಡಿಯಲ್ಲಿ ಒಂದು ಹದಮಳೆಯಾಯಿತು. ಸೂರಿನ ನೀರಿಗೆ ಹೆಂಡತಿ ಹಂಡೆ ಒಡ್ಡಿದಳು. ಸಿಂದಗಿಯ ಕಡೆಯೂ ಆಗಿರಲೆಂದು ನಾನು ಬಾಗಿಲಲ್ಲಿ ನಿಂತು ಆ ದಿಕ್ಕಿನ ಮೋಡವನ್ನು ನೋಡುತ್ತಿದ್ದೆ.

(ಆಕಾಶವಾಣಿ ಭಾಷಣ)