ಜಾಲಿಯ ಹೊರಗೆ ಒಂದು ಗುರುವಾರ

ಗುರುಗ್ರಾಮದಲ್ಲಿ ಮೂರು ದಿನದ ಆಫೀಸ್ ಕೆಲಸ ಇತ್ತು. ಗುರುವಾರದ ಮೀಟಿಂಗ್ ಮಧ್ಯಾಹ್ನಕ್ಕೇ ಮುಗಿದುಹೋಯಿತು. ಫ್ಲೈಟ್ ಇದ್ದದ್ದು ಶುಕ್ರವಾರ ಬೆಳಗ್ಗೆ. ಇಡೀ ಸಂಜೆ ಖಾಲಿ. ಕಲಬುರಗಿಗೆ ಫೋನ್ ಮಾಡಿ ಅಜ್ಜಿಗೆ ದಿಲ್ಲಿಯಲ್ಲಿದ್ದೀನಿ ಅಂದೆ. ಅಜ್ಜಿ ಕೆಂಪುಕೋಟೆ ಕೇಳಲಿಲ್ಲ, ಇಂಡಿಯಾ ಗೇಟ್ ಕೇಳಲಿಲ್ಲ.

“ಅಲ್ಲೇ ನಿಜಾಮುದ್ದೀನರ ದರ್ಗಾ ಅದ ಅಲ್ಲೇನವಾ? ನಮ್ಮ ಬಂದೇನವಾಜರ ಗುರುವಿನ ಗುರು ಅವರು. ಹೋಗಿ ಕೈ ಮುಗಿದು ಬಾ. ತಲಿ ಮ್ಯಾಲ ಸೆರಗ ಹಾಕ್ಕೋ.”

ನಮ್ಮ ಮನೆಯಲ್ಲಿ ಇದು ಹೊಸದಲ್ಲ. ಅಜ್ಜಿ ಶರಣಬಸವೇಶ್ವರರ ಜಾತ್ರೆಯನ್ನೂ ಬಿಟ್ಟವಳಲ್ಲ, ಬಂದೇನವಾಜರ ಉರುಸನ್ನೂ ಬಿಟ್ಟವಳಲ್ಲ. ಪ್ರತಿ ವರ್ಷ ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು. ಈಗ ಮಂಡಿನೋವು, ಎರಡು ವರ್ಷದಿಂದ ಹೋಗಿಲ್ಲ. ಅದಕ್ಕೇ ಇರಬೇಕು, ಆ ದಿನ ಅವಳ ದನಿಯಲ್ಲಿ ಸ್ವಲ್ಪ ಒತ್ತಾಯ ಇತ್ತು.

ದಿಲ್ಲಿಯಿಂದ ಕಲಬುರಗಿಗೆ

ಅಜ್ಜಿ ಹೇಳಿದ್ದು ಇತಿಹಾಸದ ಪ್ರಕಾರವೂ ಸರಿ. ಹಜರತ್ ನಿಜಾಮುದ್ದೀನ್ ಔಲಿಯಾ ಚಿಶ್ತಿ ಪರಂಪರೆಯ ಸೂಫಿ ಸಂತರು, ತೀರಿಕೊಂಡದ್ದು 1325ರಲ್ಲಿ. ಅವರ ಉತ್ತರಾಧಿಕಾರಿ ನಸೀರುದ್ದೀನ್, ಜನರ ಬಾಯಲ್ಲಿ ‘ಚಿರಾಗ್ ದೆಹಲಿ’, ಅಂದರೆ ದೆಹಲಿಯ ದೀಪ. ಆ ನಸೀರುದ್ದೀನರ ಶಿಷ್ಯರೇ ಸೈಯದ್ ಮುಹಮ್ಮದ್ ಹುಸೇನಿ ಗೇಸೂದರಾಜ್, ನಮ್ಮ ಖ್ವಾಜಾ ಬಂದೇನವಾಜರು. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ಅವರು ದಿಲ್ಲಿ ಬಿಟ್ಟರು. ಆಗಲೇ ವಯಸ್ಸು ಎಂಬತ್ತರ ಹತ್ತಿರ. ಬಹಮನಿ ಸುಲ್ತಾನ ಫಿರೋಜ್ ಷಾ ಕಾಲದಲ್ಲಿ ಕಲಬುರಗಿಗೆ ಬಂದು ನೆಲೆಸಿ, 1422ರಲ್ಲಿ ಅಲ್ಲೇ ತೀರಿಕೊಂಡರು.

ಅಂದರೆ ನಾನು ಚಿಕ್ಕಂದಿನಿಂದ ಕಂಡ ಆ ಬಿಳಿ ಗುಮ್ಮಟದ ಬೇರು ಈ ದಿಲ್ಲಿಯ ಗಲ್ಲಿಯೊಂದರಲ್ಲಿದೆ. ಇಷ್ಟು ಗೊತ್ತಾದ ಮೇಲೆ ಹೋಗದೇ ಇರೋಕೆ ಆಗಲಿಲ್ಲ.

ಗುಲಾಬಿ ಮಾರುವ ಗಲ್ಲಿ

ಮೆಟ್ರೋ ಹಿಡಿದು, ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಲೈನ್ ಬದಲಿಸಿ, ಜವಾಹರಲಾಲ್ ನೆಹರೂ ಸ್ಟೇಡಿಯಂ ಸ್ಟೇಷನ್ನಿನಲ್ಲಿ ಇಳಿದೆ. ಅಲ್ಲಿಂದ ಆಟೋ. ನಿಜಾಮುದ್ದೀನ್ ಬಸ್ತಿಯ ಬಾಯಲ್ಲಿ ಆಟೋ ನಿಂತ ಮೇಲೆ ನಡಿಗೆಯೇ ಗತಿ. ದಾರಿಯಲ್ಲಿ ಕವಿ ಗಾಲಿಬನ ಸಮಾಧಿ ಸಿಗುತ್ತದೆ. ಮುಂದೆ ಹೋದಂತೆ ಗಲ್ಲಿ ಕಿರಿದಾಗುತ್ತದೆ: ಕಬಾಬಿನ ಹೊಗೆ, ಅತ್ತರಿನ ವಾಸನೆ, ಟೋಪಿ ಅಂಗಡಿ, ಮಿಂಚುವ ಚಾದರಗಳು, ತಟ್ಟೆ ತಟ್ಟೆ ಗುಲಾಬಿ.

ಹೂವಿನ ಅಂಗಡಿಯವರು ‘ಚಪ್ಪಲಿ ಇಲ್ಲೇ ಬಿಡಿ’ ಅಂತ ಕರೆಯುತ್ತಾರೆ. ಅವರ ಹತ್ತಿರ ಹೂ ತಗೊಂಡರೆ ಚಪ್ಪಲಿ ನೋಡಿಕೊಳ್ಳುತ್ತಾರೆ. ನಾನು ಒಂದು ಸಣ್ಣ ತಟ್ಟೆ ಗುಲಾಬಿ ತಗೊಂಡು, ದುಪ್ಪಟ್ಟಾ ತಲೆಗೆ ಎಳೆದುಕೊಂಡೆ.

ಮೊದಲು ಅಮೀರ್ ಖುಸ್ರೋ ಸಮಾಧಿಗೆ ಹೋಗಬೇಕು, ಆಮೇಲೆ ಗುರುವಿನ ಸಮಾಧಿಗೆ. ಇದು ಇಲ್ಲಿನ ರೂಢಿ. ಕವಿ ಖುಸ್ರೋ ನಿಜಾಮುದ್ದೀನರ ಅಚ್ಚುಮೆಚ್ಚಿನ ಶಿಷ್ಯ. ಗುರು ಹೋದ ವರ್ಷವೇ, ಕೆಲವೇ ತಿಂಗಳಲ್ಲಿ ಅವನೂ ಹೋದ. ಗುರುವನ್ನು ಕಾಣಬೇಕಾದರೆ ಶಿಷ್ಯನ ಅಪ್ಪಣೆ ಬೇಕು ಅನ್ನೋ ಭಾವ ನನಗೆ ತುಂಬಾ ಹಿಡಿಸಿತು.

ಅದೇ ಆವರಣದಲ್ಲಿ ಷಹಜಹಾನನ ಮಗಳು ಜಹಾನಾರಾಳ ಸಮಾಧಿಯೂ ಇದೆ. 1681ರಲ್ಲಿ ತೀರಿಕೊಂಡ ಆಕೆಯ ಗೋರಿಗೆ ಮೇಲ್ಛಾವಣಿ ಇಲ್ಲ. ಸುತ್ತ ಅಮೃತಶಿಲೆಯ ಜಾಲಿ, ಮೇಲೆ ಆಕಾಶ, ಗೋರಿಯ ಮೇಲೆ ಬರೀ ಹುಲ್ಲು. ತಾಜ್‌ಮಹಲ್ ಕಟ್ಟಿಸಿದವನ ಮಗಳು ಬೇಡಿಕೊಂಡದ್ದು ಇಷ್ಟೇ.

ಹೊರಗೇ ನಿಲ್ಲಬೇಕು

ನಿಜಾಮುದ್ದೀನರ ಸಮಾಧಿಯ ಈಗಿನ ಕಟ್ಟಡ 1562ರದ್ದು. ಸುತ್ತ ಜಗಲಿ, ಕೆತ್ತನೆಯ ಜಾಲಿ, ಮೇಲೆ ಗುಮ್ಮಟ. ಒಳಗೆ ಹೋಗಲು ಹೆಜ್ಜೆ ಎತ್ತಿದವಳಿಗೆ ಒಬ್ಬರು ಕೈ ಅಡ್ಡ ಮಾಡಿ ತೋರಿಸಿದರು: ಹೆಂಗಸರಿಗೆ ಗರ್ಭಗುಡಿಯಂಥ ಆ ಒಳಕೋಣೆಗೆ ಪ್ರವೇಶ ಇಲ್ಲ.

ಸುಳ್ಳು ಯಾಕೆ ಹೇಳಲಿ, ಸಿಟ್ಟು ಬಂತು. ಮುಂಬೈನ ಹಾಜಿ ಅಲಿ ದರ್ಗಾದಲ್ಲಿ ಇಂಥದೇ ನಿರ್ಬಂಧವನ್ನು ಬಾಂಬೆ ಹೈಕೋರ್ಟ್ 2016ರಲ್ಲಿ ತೆಗೆದುಹಾಕಿತ್ತು. ಈ ದರ್ಗಾದ ಬಗ್ಗೆಯೂ 2018ರಲ್ಲಿ ಕಾನೂನು ವಿದ್ಯಾರ್ಥಿನಿಯರು ದೆಹಲಿ ಹೈಕೋರ್ಟಿಗೆ ಹೋಗಿದ್ದರು. ಇದೆಲ್ಲ ತಲೆಯಲ್ಲಿ ಓಡುತ್ತಿತ್ತು. ಆದರೆ ನಾನು ಒಂದು ಸಂಜೆಗೆ ಬಂದವಳು. ಬಾಗಿಲಲ್ಲಿ ನಿಂತು ವಾದ ಮಾಡಿ, ಹಿಂದೆ ನಿಂತವರ ಪ್ರಾರ್ಥನೆ ಕೆಡಿಸೋದು ಸರಿ ಅನ್ನಿಸಲಿಲ್ಲ. ಒಪ್ಪದೇ ಇರುವುದು ಒಂದು, ಅಲ್ಲೇ ಗಲಾಟೆ ಮಾಡುವುದು ಇನ್ನೊಂದು.

ಪಕ್ಕದಲ್ಲಿದ್ದ ಒಂದು ಕುಟುಂಬದ ಹುಡುಗ, ಹತ್ತು ವರ್ಷದವನಿರಬೇಕು, ನನ್ನ ತಟ್ಟೆ ನೋಡಿ ಕೈ ಚಾಚಿದ. “ದೀದಿ, ಕೊಡಿ. ನಾನು ಹಾಕಿ ಬರ್ತೀನಿ.” ಅಜ್ಜಿಯ ಗುಲಾಬಿ ಅವನ ಕೈಯಲ್ಲಿ ಒಳಗೆ ಹೋಯಿತು.

ಇಪ್ಪತ್ತು ಸೆಕೆಂಡಿನ ವಿಡಿಯೋ

ಹೆಂಗಸರೆಲ್ಲ ಜಾಲಿಗೆ ಒರಗಿ ಕೂತಿದ್ದರು. ಜಾಲಿಯ ಕಿಂಡಿಗಳ ತುಂಬ ಹರಕೆಯ ದಾರಗಳು. ಒಬ್ಬಾಕೆ, ಐವತ್ತರ ಆಸುಪಾಸು, ಹಣೆಯನ್ನು ಕಲ್ಲಿಗೆ ಆನಿಸಿ ಕಣ್ಣು ಮುಚ್ಚಿದ್ದರು. ಸಂಜೆಯ ಬೆಳಕು ಕೆನ್ನೆಯ ಮೇಲೆ ಬಿದ್ದಿತ್ತು. ಎಂಥ ಫ್ರೇಮ್! ಕೈ ತಾನಾಗಿ ಫೋನಿಗೆ ಹೋಯಿತು. ಇಪ್ಪತ್ತು ಸೆಕೆಂಡು ತೆಗೆದೆ. ರೀಲ್‌ಗೆ ಯಾವ ಹಾಡು ಹಾಕೋದು ಅಂತಲೂ ಯೋಚಿಸಿಬಿಟ್ಟೆ.

ಆಕೆ ಕಣ್ಣು ತೆರೆದರು. ಕೂಗಾಡಲಿಲ್ಲ. ಹತ್ತಿರ ಕರೆದು, ಬೇರೆಯವರಿಗೆ ಕೇಳದ ಹಾಗೆ ಹಿಂದಿಯಲ್ಲಿ ಹೇಳಿದರು: “ಬೇಟಿ, ನಾನು ಇಲ್ಲಿಗೆ ಬಂದಿರೋದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಳೋಕೆ ನನಗೆ ಇದೊಂದೇ ಜಾಗ.”

ನನ್ನ ಮುಖ ಸುಟ್ಟ ಹಾಗಾಯಿತು. ಅವರ ಎದುರೇ ವಿಡಿಯೋ ಡಿಲೀಟ್ ಮಾಡಿದೆ. ಡಿಲೀಟ್ ಆದದ್ದು ಇನ್ನೊಂದು ಫೋಲ್ಡರಿನಲ್ಲಿ ಮೂವತ್ತು ದಿನ ಉಳಿಯುತ್ತದಲ್ಲ, ಅದನ್ನೂ ತೆರೆದು ಅಲ್ಲಿಂದಲೂ ತೆಗೆದು ತೋರಿಸಿದೆ. ಆಕೆ ನೋಡಿದರು, ತಲೆಯಾಡಿಸಿದರು. ಆಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ನನಗೆ ಜಾಗ ಬಿಟ್ಟರು.

ಕೂತೆ. ಏನಾಯ್ತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗೆ ನೆನಪಾದದ್ದು ಅಜ್ಜ ಆಸ್ಪತ್ರೆಯಲ್ಲಿದ್ದ ವರ್ಷ. ಆ ಉರುಸಿನಲ್ಲಿ ಬಂದೇನವಾಜರ ದರ್ಗಾದ ಗೋಡೆ ಪಕ್ಕ ಅಜ್ಜಿ ಕೂತು ಅತ್ತಿದ್ದಳು. ಮನೆಯಲ್ಲಿ ಒಂದು ಹನಿಯೂ ಹಾಕದವಳು. ನಾನು ಆಗ ಎಂಟನೇ ಕ್ಲಾಸು. ಆ ಹೊತ್ತಿನಲ್ಲಿ ಯಾರೋ ಪ್ರವಾಸಿ ಅವಳ ಮುಖಕ್ಕೆ ಕ್ಯಾಮೆರಾ ಹಿಡಿದಿದ್ದರೆ?

ನಾವು ‘ನೋಡೋಕೆ’ ಹೋಗುವ ಜಾಗ ಇನ್ಯಾರಿಗೋ ಕೊನೆಯ ಆಸರೆ ಆಗಿರುತ್ತದೆ. ದಿನದ ಮಟ್ಟಿಗೆ ಬಂದ ನಾವು ಅವರ ದುಃಖದ ಮನೆಗೆ ಬಂದ ನೆಂಟರು. ನೆಂಟರು ಎಲ್ಲ ಕೋಣೆಯ ಬಾಗಿಲು ತೆಗೆಯುವುದಿಲ್ಲ.

ಖವ್ವಾಲಿ

ಮಗ್ರಿಬ್ ಅಜಾನ್ ಆಯಿತು. ಗಂಡಸರು ಪಕ್ಕದ ಮಸೀದಿಯ ಕಡೆ ಸರಿದರು. ನಾನು ಗೋಡೆ ಬದಿಗೆ ಸುಮ್ಮನೆ ಕೂತೆ. ನಮಾಜ್ ಮುಗಿದ ಮೇಲೆ ಅಂಗಳದಲ್ಲಿ ಹಾರ್ಮೋನಿಯಂ, ಢೋಲಕ್ ಬಂದವು. ಖವ್ವಾಲಿ ಶುರುವಾಯಿತು. ಈ ಪ್ರಕಾರಕ್ಕೆ ರೂಪ ಕೊಟ್ಟವನು ಖುಸ್ರೋ ಅಂತ ಪರಂಪರೆ ನಂಬುತ್ತದೆ. ಅವನು ಮಲಗಿರುವ ಜಾಗದಿಂದ ಹತ್ತು ಹೆಜ್ಜೆಯಲ್ಲಿ ಅದನ್ನು ಕೇಳುವುದೇ ಬೇರೆ. ನನಗೆ ಅರ್ಧ ಸಾಲೂ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದಾಕೆ ಬೆರಳಲ್ಲಿ ಮೊಣಕಾಲ ಮೇಲೆ ತಾಳ ಹಾಕುತ್ತಿದ್ದರು. ನನ್ನ ಫೋನ್ ಬ್ಯಾಗಿನಲ್ಲೇ ಇತ್ತು.

ಹೊರಡುವಾಗ ಹತ್ತಿರದ ಬಾವೋಲಿ, ಅಂದರೆ ಮೆಟ್ಟಿಲುಬಾವಿ, ನೋಡಿದೆ. ಅದರದ್ದೊಂದು ಕಥೆ ಇದೆ. ಇದನ್ನು ತೋಡುವಾಗ ಕೂಲಿಯವರು ಹಗಲೆಲ್ಲ ಸುಲ್ತಾನ ಘಿಯಾಸುದ್ದೀನ್ ತುಘಲಕನ ಕೋಟೆ ಕೆಲಸಕ್ಕೆ ಹೋಗಿ, ರಾತ್ರಿ ದೀಪದ ಬೆಳಕಲ್ಲಿ ಸಂತರ ಬಾವಿ ತೋಡುತ್ತಿದ್ದರಂತೆ. ಸಿಟ್ಟಾದ ಸುಲ್ತಾನ ಎಣ್ಣೆ ಮಾರುವುದನ್ನೇ ನಿಲ್ಲಿಸಿದ. ಆಗ ಬಾವಿಯ ನೀರೇ ಎಣ್ಣೆಯಾಗಿ ಉರಿಯಿತು, ಆ ದೀಪ ಹಚ್ಚಿದ ನಸೀರುದ್ದೀನರಿಗೆ ‘ಚಿರಾಗ್’ ಎಂಬ ಹೆಸರು ಬಂತು ಅಂತ ಜನ ಹೇಳುತ್ತಾರೆ. ಆ ದೀಪದ ಶಿಷ್ಯರೇ ಮುಂದೆ ನಮ್ಮ ಊರಿಗೆ ಬಂದದ್ದು.

ನೀವು ಹೋಗುವುದಾದರೆ

• ಖವ್ವಾಲಿ ಬೇಕಿದ್ದರೆ ಗುರುವಾರ ಸಂಜೆ, ಜನ ಜಾಸ್ತಿ. ಶಾಂತವಾಗಿ ನೋಡಬೇಕಿದ್ದರೆ ಬೆಳಗ್ಗೆ.

• ಗಂಡಸರಾಗಲಿ ಹೆಂಗಸರಾಗಲಿ, ತಲೆ ಮುಚ್ಚಿಕೊಳ್ಳಿ. ಕೈಕಾಲು ಮುಚ್ಚುವ ಸಡಿಲ ಬಟ್ಟೆ ಒಳ್ಳೆಯದು. ಒಂದು ದುಪ್ಪಟ್ಟಾ ಅಥವಾ ಕರವಸ್ತ್ರ ಬ್ಯಾಗಿನಲ್ಲಿರಲಿ.

• ಪ್ರವೇಶಕ್ಕೆ ಟಿಕೆಟ್ ಇಲ್ಲ. ಹೂ, ಚಾದರ, ಕಾಣಿಕೆ ನಿಮ್ಮಿಷ್ಟ. ಚಿಲ್ಲರೆ ಇಟ್ಟುಕೊಳ್ಳಿ.

• ಅಂಗಳದ ತುಂಬ ಗೋರಿಗಳಿವೆ. ಹೆಜ್ಜೆ ನೋಡಿ ಇಡಿ, ಅವುಗಳ ಮೇಲೆ ಕೂರಬೇಡಿ.

• ನಮಾಜ್ ಮಾಡುತ್ತಿರುವವರ ಮುಂದಿನಿಂದ ಹಾಯಬೇಡಿ.

• ಕಟ್ಟಡದ ಫೋಟೋ ತೆಗೆಯುವ ಮುನ್ನವೂ ಅಲ್ಲಿದ್ದವರನ್ನು ಒಂದು ಮಾತು ಕೇಳಿ. ಮನುಷ್ಯರ ಮುಖವನ್ನಂತೂ ಕೇಳದೆ ತೆಗೆಯಲೇಬೇಡಿ.

ಎದ್ದು ಬರುವಾಗ ಆಕೆ ನನ್ನ ಅಂಗೈಗೆ ಸ್ವಲ್ಪ ಏಲಕ್ಕಿ ಸಕ್ಕರೆಗುಂಡು ಹಾಕಿದರು, ಅಲ್ಲಿನ ಪ್ರಸಾದ. ಅದನ್ನು ಟಿಶ್ಯೂದಲ್ಲಿ ಕಟ್ಟಿ ಇಟ್ಟುಕೊಂಡೆ. ರಾತ್ರಿ ಅಜ್ಜಿಗೆ ಫೋನ್ ಮಾಡಿದೆ.

“ಫೋಟೋ ಏನರ ತಗದೀ?”

“ಇಲ್ಲಜ್ಜಿ.”

“ಯಾಕ?”

ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ತಾಯಿಗೆ ಚಲೋ ಆಗ್ಲಿ” ಅಂದಳು.

ದೀಪಾವಳಿಗೆ ಊರಿಗೆ ಹೋದಾಗ ಆ ಪೊಟ್ಟಣ ಕೊಟ್ಟೆ. ಸಕ್ಕರೆಗುಂಡು ಅಷ್ಟರಲ್ಲಿ ಒಂದಕ್ಕೊಂದು ಅಂಟಿಕೊಂಡಿತ್ತು. ಅಜ್ಜಿ ಅದನ್ನು ಕಣ್ಣಿಗೆ ಒತ್ತಿಕೊಂಡು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ದೇವರ ಕೋಣೆಯಲ್ಲಿ, ಶರಣಬಸವೇಶ್ವರರ ಫೋಟೋ ಮುಂದೆ ಇಟ್ಟಳು.