ಮಗುವಿನ ಗೀಳಿಗೆ ಮಾತ್ರೆ: ಹೆತ್ತವರ ಭಯವೆಷ್ಟು, ನಿಜವೆಷ್ಟು?

ಜ್ವರ ಬಂದರೆ ಪ್ಯಾರಸಿಟಮಾಲ್ ಸಿರಪ್ ಕುಡಿಸಲು ಎರಡನೇ ಸಲ ಯೋಚಿಸದ ಅಪ್ಪ ಅಮ್ಮ, ಮನೋವೈದ್ಯರು ಮಗುವಿಗೆ ಬರೆದುಕೊಟ್ಟ ಚೀಟಿಯನ್ನು ವಾರಗಟ್ಟಲೆ ಫ್ರಿಜ್ಜಿನ ಮೇಲೆ ಇಟ್ಟುಬಿಡುತ್ತಾರೆ. ‘ಇಷ್ಟು ಚಿಕ್ಕ ಕೂಸಿಗೆ ತಲೆ ಮಾತ್ರೆ ಯಾಕೆ?’ ಎಂದು ಅಜ್ಜಿ ತಡೆಯುತ್ತಾರೆ. ಚಿಕ್ಕಪ್ಪ ಮೊಬೈಲಿನಲ್ಲಿ ಅಡ್ಡಪರಿಣಾಮಗಳ ಪಟ್ಟಿ ಹುಡುಕಿ ಗಟ್ಟಿಯಾಗಿ ಓದುತ್ತಾನೆ. ಹೇಗೋ ಧೈರ್ಯ ಮಾಡಿ ತಂದ ಮಾತ್ರೆಯನ್ನೂ ಅರ್ಧ ಮುರಿದು ಕೊಡುವುದು, ಎಂಟು ದಿನಕ್ಕೆ ನಿಲ್ಲಿಸುವುದು, ಪರೀಕ್ಷೆ ಹತ್ತಿರ ಬಂತೆಂದು ಮತ್ತೆ ಶುರು ಮಾಡುವುದು ನಡೆಯುತ್ತದೆ. ಇನ್ನು ಕೆಲವು ಮನೆಗಳಲ್ಲಿ ಇದರ ತಿರುವುಮುರುವು: ಮಾತ್ರೆ ಶುರುವಾಯಿತಲ್ಲ, ಉಳಿದದ್ದೆಲ್ಲ ಅದೇ ನೋಡಿಕೊಳ್ಳುತ್ತದೆ ಎಂಬ ನಿರಾಳ. ಒಂದು ಕಡೆ ಭಯ ಅತಿ, ಇನ್ನೊಂದು ಕಡೆ ನಂಬಿಕೆ ಅತಿ. ಎರಡರಲ್ಲೂ ಪೆಟ್ಟು ಬೀಳುವುದು ಮಗುವಿಗೆ.

ಗೀಳು ಮನೋರೋಗ ಅಥವಾ ಓಸಿಡಿ, ಮತ್ತು ಅದರ ನೆಂಟನಂತಿರುವ ಆತಂಕದ ಕಾಯಿಲೆಗಳ ಬಗ್ಗೆ ಮನೆಮನೆಗಳಲ್ಲಿ ಓಡಾಡುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ‘ಕಾಯಿಲೆಯೂ ಇಲ್ಲ, ಏನೂ ಇಲ್ಲ. ಸ್ವಲ್ಪ ಮಡಿ ಜಾಸ್ತಿ, ಅಷ್ಟೆ. ದೊಡ್ಡವಳಾದ ಮೇಲೆ ತಾನೇ ಸರಿಹೋಗ್ತಾಳೆ.’

ಸತ್ಯ: ಮಡಿ ಮೈಲಿಗೆಗೆ, ಎಂಜಲು ಮುಸುರೆಗೆ ಒಂದು ಕೊನೆಯಿದೆ. ಸ್ನಾನವಾದರೆ ಮಡಿ, ಕೈ ತೊಳೆದರೆ ಮುಸುರೆ ಹೋಯಿತು. ಗೀಳಿನಲ್ಲಿ ಆ ‘ಆಯಿತು’ ಎಂಬ ಸಮಾಧಾನ ಬರುವುದೇ ಇಲ್ಲ. ಕೈ ಸೀಳು ಬಿಟ್ಟು ಉರಿಯುತ್ತಿದ್ದರೂ ಮಗು ಮತ್ತೆ ನಲ್ಲಿ ತಿರುಗಿಸುತ್ತದೆ. ಎಲ್ಲ ಗೀಳೂ ಕೊಳೆಯ ಭಯವೇ ಅಲ್ಲ. ಅಕ್ಷರ ಸರಿಯಾಗಲಿಲ್ಲವೆಂದು ಹಾಳೆ ಹರಿಯುವವರೆಗೆ ಅಳಿಸಿ ಬರೆಯುವುದು, ಅಮ್ಮನಿಗೆ ಏನೋ ಆಗಿಬಿಡುತ್ತದೆಂದು ಬಾಗಿಲ ಚಿಲಕವನ್ನು ಲೆಕ್ಕವಿಟ್ಟು ಮುಟ್ಟುವುದು, ದೇವರ ಮನೆಯಲ್ಲಿ ಕೈಮುಗಿದು ನಿಂತಾಗಲೇ ಕೆಟ್ಟ ಯೋಚನೆ ನುಗ್ಗಿ ಬಂದು ನಡುಗುವುದು, ಇವೂ ಅದೇ ಕಾಯಿಲೆ. ಕೊನೆಯ ಬಗೆಯ ಮಕ್ಕಳು ಬಾಯಿಬಿಟ್ಟು ಹೇಳುವುದೇ ಅಪರೂಪ. ತಾವು ಪಾಪಿಗಳೆಂದು ಒಳಗೊಳಗೇ ಬೇಯುತ್ತಿರುತ್ತಾರೆ.

ನೂರು ಮಕ್ಕಳಲ್ಲಿ ಒಬ್ಬರಿಂದ ಇಬ್ಬರಿಗೆ ಈ ತೊಂದರೆ ಇರುತ್ತದೆ. ಹತ್ತು ವರ್ಷದ ಆಸುಪಾಸಿನಲ್ಲಿ ತಲೆದೋರುವುದು ಹೆಚ್ಚು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದಕ್ಕೇ ಹೋಗುತ್ತಿದ್ದರೆ ಅಥವಾ ಊಟ, ನಿದ್ದೆ, ಶಾಲೆಗೆ ಅಡ್ಡಿಯಾಗುತ್ತಿದ್ದರೆ ಕಾಯುತ್ತ ಕೂರಬಾರದು.

ತಪ್ಪು ಕಲ್ಪನೆ 2: ‘ನಾವು ಬೆಳೆಸಿದ್ದೇ ಸರಿಯಿಲ್ಲ. ಬೈದದ್ದು ಜಾಸ್ತಿಯಾಯ್ತು, ಅದಕ್ಕೇ ಹೀಗಾಯ್ತು.’

ಸತ್ಯ: ಅವಳಿ ಮಕ್ಕಳ ಮೇಲಿನ ಅಧ್ಯಯನಗಳ ಪ್ರಕಾರ, ಚಿಕ್ಕಂದಿನಲ್ಲಿ ಕಾಣುವ ಗೀಳಿನ ಲಕ್ಷಣಗಳಲ್ಲಿ ಆನುವಂಶಿಕತೆಯ ಪಾಲು ಸುಮಾರು ಶೇ 45ರಿಂದ 65. ಮಿದುಳಿನ ಮುಂಭಾಗಕ್ಕೂ ಆಳದಲ್ಲಿರುವ ಕೆಲವು ಕೇಂದ್ರಗಳಿಗೂ ನಡುವೆ ಸಂದೇಶ ಒಯ್ಯುವ ಜಾಲದಲ್ಲಿ ಏರುಪೇರಿರುವುದೂ ಕಂಡುಬಂದಿದೆ. ಕೆಲವು ಮಕ್ಕಳಲ್ಲಿ ಗಂಟಲು ಸೋಂಕಿನ ಬೆನ್ನಿಗೇ ಗೀಳು ಹಠಾತ್ತನೆ ಭುಗಿಲೇಳುವುದನ್ನು ಅಮೆರಿಕದ ವೈದ್ಯೆ ಸೂಸನ್ ಸ್ವೀಡೊ ಮತ್ತು ಸಂಗಡಿಗರು 1998ರಲ್ಲಿ ವಿವರಿಸಿದರು. ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಬದಲಾಗಿದ್ದರೆ ಈ ಹಿನ್ನೆಲೆಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಬೈಗುಳದಿಂದ ಮಗುವಿನ ಸಂಕಟ ಹೆಚ್ಚಬಹುದು, ಆದರೆ ಗೀಳು ಹುಟ್ಟಿದ್ದು ಅದರಿಂದಲೇ ಎನ್ನಲು ಆಧಾರವಿಲ್ಲ.

ತಪ್ಪು ಕಲ್ಪನೆ 3: ‘ಇವೆಲ್ಲ ದೊಡ್ಡವರ ಮಾತ್ರೆ. ಮಕ್ಕಳ ಮೇಲೆ ಪ್ರಯೋಗ ಮಾಡ್ತಾರೆ.’

ಸತ್ಯ: ಮಕ್ಕಳ ಗೀಳಿಗೆ ಔಷಧ ಕೊಡುವುದು ಹೊಸದಲ್ಲ. ಹತ್ತು ವರ್ಷ ದಾಟಿದ ಮಕ್ಕಳ ಓಸಿಡಿಗೆ ಕ್ಲೊಮಿಪ್ರಮಿನ್ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 1989ರಲ್ಲಿ. 1997ರಲ್ಲಿ ಆರು ವರ್ಷ ಮೇಲ್ಪಟ್ಟವರಿಗೆ ಸರ್ಟ್ರಲಿನ್, ಎಂಟು ವರ್ಷ ಮೇಲ್ಪಟ್ಟವರಿಗೆ ಫ್ಲುವೊಕ್ಸಮಿನ್ ಬಂದವು. ಆಮೇಲೆ ಏಳು ವರ್ಷ ಮೇಲ್ಪಟ್ಟವರಿಗೆ ಫ್ಲುಯೊಕ್ಸೆಟಿನ್ ಸೇರಿತು. ಕ್ಲೊಮಿಪ್ರಮಿನ್ ಬಿಟ್ಟು ಉಳಿದ ಮೂರೂ ಎಸ್‌ಎಸ್‌ಆರ್‌ಐ ಗುಂಪಿನವು. ಇವತ್ತು ವೈದ್ಯರು ಮೊದಲು ಬರೆಯುವುದು ಇವನ್ನೇ. ಕ್ಲೊಮಿಪ್ರಮಿನ್ ಹಳೆಯದು, ಪರಿಣಾಮಕಾರಿಯೂ ಹೌದು. ಆದರೆ ಬಾಯಿ ಒಣಗುವುದು, ಮಲಬದ್ಧತೆ ಹೆಚ್ಚು, ಹೃದಯದ ಇಸಿಜಿ ನೋಡಿಕೊಳ್ಳಬೇಕು. ಹಾಗಾಗಿ ಅದರ ಸರದಿ ನಂತರದ್ದು.

ತಪ್ಪು ಕಲ್ಪನೆ 4: ‘ಮಾತ್ರೆ ತಗೊಂಡ್ರೆ ಮಗು ಮಂಕಾಗುತ್ತೆ. ಆಮೇಲೆ ಅದಕ್ಕೇ ಒಗ್ಗಿಹೋಗುತ್ತೆ, ಬಿಡೋಕಾಗಲ್ಲ.’

ಸತ್ಯ: ಇಲ್ಲಿ ಎರಡು ಬೇರೆ ಬೇರೆ ಮಾತ್ರೆಗಳು ಕಲಸಿಹೋಗಿವೆ. ಆಲ್ಪ್ರಜೊಲಾಮ್, ಕ್ಲೊನಜೆಪಾಮ್‌ನಂಥವು ಮಂಪರು ತರುತ್ತವೆ, ದಿನವೂ ತೆಗೆದುಕೊಂಡರೆ ಚಟವೂ ಆಗಬಹುದು. ಮಕ್ಕಳಿಗೆ ಇವನ್ನು ದೀರ್ಘಕಾಲ ಕೊಡುವ ಪದ್ಧತಿಯಿಲ್ಲ. ಎಸ್‌ಎಸ್‌ಆರ್‌ಐ ಆ ಜಾತಿಯದಲ್ಲ. ಅದಕ್ಕಾಗಿ ಮಗು ಹಪಹಪಿಸುವುದಿಲ್ಲ, ಪ್ರಮಾಣ ಹೆಚ್ಚಿಸಿಕೊಳ್ಳುವ ಆಸೆಯೂ ಹುಟ್ಟುವುದಿಲ್ಲ. ಆದರೆ ಫಕ್ಕನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ವಾಕರಿಕೆ ಬರಬಹುದು. ಇದು ಚಟದ ಗುರುತಲ್ಲ. ಮಿದುಳು ಒಗ್ಗಿದ್ದನ್ನು ಒಮ್ಮೆಲೇ ಕಿತ್ತುಕೊಂಡದ್ದರ ಫಲ. ಅದಕ್ಕೇ ನಿಧಾನವಾಗಿ ಇಳಿಸಬೇಕು.

ಅಡ್ಡಪರಿಣಾಮಗಳು ಇಲ್ಲವೇ ಇಲ್ಲ ಎಂದರೂ ಸುಳ್ಳಾಗುತ್ತದೆ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸು, ತಲೆನೋವು, ನಿದ್ದೆ ಕೆಡುವುದು ಸಾಮಾನ್ಯ. ಹೆಚ್ಚಿನವು ಒಂದೆರಡು ವಾರಕ್ಕೆ ಇಳಿಯುತ್ತವೆ. ಚಿಕ್ಕ ಮಕ್ಕಳಲ್ಲಿ ವಿಶೇಷವಾಗಿ ಕಾಣುವುದು ಚಡಪಡಿಕೆ: ಕೂತಲ್ಲಿ ಕೂರದೆ, ಮಾತಿಗೆ ಮಾತು ಬೆಳೆಸಿ, ರಾತ್ರಿ ಹನ್ನೊಂದಾದರೂ ಕುಣಿಯುತ್ತಿರುವುದು. ‘ಮಾತ್ರೆಯಿಂದ ಮಗು ಕೆಟ್ಟುಹೋಯಿತು’ ಎಂದು ಹೆತ್ತವರು ಹೆದರುವುದು ಇಲ್ಲಿಯೇ. ವೈದ್ಯರಿಗೆ ತಿಳಿಸಿದರೆ ಪ್ರಮಾಣ ಇಳಿಸುತ್ತಾರೆ ಅಥವಾ ಔಷಧ ಬದಲಿಸುತ್ತಾರೆ. ಕೆಲವು ಮಕ್ಕಳಿಗೆ ನಗು ಅಳು ಎರಡೂ ಮೊಂಡಾದಂತೆ ಅನಿಸುವುದೂ ಉಂಟು. ಅದನ್ನೂ ಮುಚ್ಚಿಡದೆ ಹೇಳಿ. ಪ್ರಮಾಣ ಸರಿಪಡಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ತಪ್ಪು ಕಲ್ಪನೆ 5: ‘ಎಂಟು ದಿನ ಕೊಟ್ವಿ, ಏನೂ ಗುಣ ಕಾಣ್ಲಿಲ್ಲ. ಜೊತೆಗೆ ಡಾಕ್ಟ್ರು ಪವರ್ ಬೇರೆ ಜಾಸ್ತಿ ಮಾಡ್ತಾರಂತೆ!’

ಸತ್ಯ: ಗೀಳಿನಲ್ಲಿ ಔಷಧ ತನ್ನ ಗುಣ ತೋರಿಸಲು ವಾರಗಳೇ ಬೇಕು. ಸರಿಯಾದ ಪ್ರಮಾಣದಲ್ಲಿ ಎಂಟರಿಂದ ಹನ್ನೆರಡು ವಾರ ಕೊಡದೆ ‘ಈ ಮಾತ್ರೆ ಹಿಡಿಸಲಿಲ್ಲ’ ಎಂದು ತೀರ್ಮಾನಿಸುವಂತಿಲ್ಲ. ಖಿನ್ನತೆಗಿಂತ ಓಸಿಡಿಗೆ ಹೆಚ್ಚಿನ ಪ್ರಮಾಣ ಬೇಕಾಗುವುದೂ ಸಾಮಾನ್ಯ. ಪ್ರಮಾಣ ಏರಿಸಿದ ಮಾತ್ರಕ್ಕೆ ಕಾಯಿಲೆ ಬಿಗಡಾಯಿಸಿದೆ ಎಂದರ್ಥವಲ್ಲ. ಸಣ್ಣದರಿಂದ ಶುರುಮಾಡಿ ಮೆಲ್ಲಗೆ ಏರಿಸುವುದೇ ಸರಿಯಾದ ಕ್ರಮ. ಅಡ್ಡಪರಿಣಾಮ ಮೊದಲ ವಾರದಲ್ಲೇ ಕಾಣುತ್ತದೆ, ಗುಣ ಎರಡನೇ ತಿಂಗಳಲ್ಲಿ ಕಾಣುತ್ತದೆ. ಅಪ್ಪ ಅಮ್ಮನ ತಾಳ್ಮೆ ಕೆಡುವುದು ಈ ನಡುವಿನ ದಿನಗಳಲ್ಲಿ. ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಬರೆದಿಡಿ: ಸ್ನಾನಕ್ಕೆ ಎಷ್ಟು ಹೊತ್ತಾಯಿತು, ಶಾಲೆಗೆ ಎಷ್ಟು ದಿನ ತಡವಾಯಿತು, ನಿದ್ದೆ ಹೇಗಿತ್ತು. ‘ಪರವಾಗಿಲ್ಲ’, ‘ಹಂಗೇ ಇದೆ’ ಎಂಬ ಮಾತಿಗಿಂತ ಈ ಪುಟ ವೈದ್ಯರಿಗೆ ಹೆಚ್ಚು ಉಪಯೋಗ.

ತಪ್ಪು ಕಲ್ಪನೆ 6: ‘ಈ ಮಾತ್ರೆಯಿಂದ ಮಕ್ಕಳು ಆತ್ಮಹತ್ಯೆ ಮಾಡ್ಕೊಳ್ತಾರೆ.’

ಸತ್ಯ: ಈ ಮಾತಿನ ಹಿಂದೆ ಒಂದು ನಿಜವಾದ ಎಚ್ಚರಿಕೆಯಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಎಸ್‌ಎಸ್‌ಆರ್‌ಐ ಸೇರಿದಂತೆ ಖಿನ್ನತೆ ನಿವಾರಕ ಔಷಧಗಳ 24 ಪ್ರಯೋಗಗಳಲ್ಲಿದ್ದ 4,400ಕ್ಕೂ ಹೆಚ್ಚು ಮಕ್ಕಳು ಮತ್ತು ಹದಿಹರೆಯದವರ ಮಾಹಿತಿಯನ್ನು ಎಫ್‌ಡಿಎ ಪರಿಶೀಲಿಸಿತು. ಔಷಧ ತೆಗೆದುಕೊಂಡವರಲ್ಲಿ ಸುಮಾರು ಶೇ 4, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇ 2 ಮಂದಿಗೆ ಆತ್ಮಹತ್ಯೆಯ ಯೋಚನೆ ಅಥವಾ ಅಂಥ ನಡವಳಿಕೆ ಕಂಡಿತ್ತು. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ. 2004ರಲ್ಲಿ ಈ ಔಷಧಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಬೇಕೆಂದು ಆದೇಶವಾದದ್ದು ಈ ಕಾರಣಕ್ಕೆ.

2007ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇನ್ನೊಂದು ವಿಶ್ಲೇಷಣೆ ತಕ್ಕಡಿಯ ಎರಡೂ ಬದಿ ತೂಗಿ ನೋಡಿತು. ಓಸಿಡಿ ಇರುವ ಸುಮಾರು ಆರು ಮಕ್ಕಳಿಗೆ, ಇತರ ಆತಂಕದ ಕಾಯಿಲೆಯಿರುವ ಮೂರು ಮಕ್ಕಳಿಗೆ ಔಷಧ ಕೊಟ್ಟರೆ, ಹುಸಿಮಾತ್ರೆಯಿಂದ ಆಗುವುದಕ್ಕಿಂತ ಒಂದು ಮಗು ಹೆಚ್ಚಾಗಿ ಚೇತರಿಸಿಕೊಳ್ಳುತ್ತದೆ. ಆತ್ಮಹತ್ಯೆಯ ಯೋಚನೆಯಲ್ಲಿ ಕಂಡ ಹೆಚ್ಚಳ ನೂರರಲ್ಲಿ ಒಂದಕ್ಕಿಂತ ಕಡಿಮೆ.

ಎಚ್ಚರಿಕೆಯ ಅರ್ಥ ‘ಕೊಡಬೇಡಿ’ ಎಂದಲ್ಲ, ‘ಕಣ್ಣಿಟ್ಟು ಕೊಡಿ’ ಎಂದು. ಮೊದಲ ಕೆಲವು ವಾರ ಮತ್ತು ಪ್ರಮಾಣ ಬದಲಿಸಿದಾಗಲೆಲ್ಲ ಮಗುವನ್ನು ಹತ್ತಿರದಿಂದ ಗಮನಿಸಬೇಕು. ಮಾತ್ರೆಯ ಡಬ್ಬಿ ದೊಡ್ಡವರ ಕೈಯಲ್ಲೇ ಇರಬೇಕು. ‘ಸಾಯಬೇಕು ಅನ್ಸುತ್ತೆ’ ಎಂಬ ಮಾತು ತಮಾಷೆಗೆ ಬಂದರೂ ಅಂದೇ ವೈದ್ಯರಿಗೆ ಹೇಳಬೇಕು. ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ ಇದ್ದರೆ ಔಷಧ ಶುರುವಾಗುವ ಮುನ್ನವೇ ತಿಳಿಸಬೇಕು. ಕೆಮ್ಮಿಗೆಂದು ಅಂಗಡಿಯಲ್ಲಿ ಕೇಳಿ ತರುವ ಸಿರಪ್‌ಗಳಲ್ಲಿ ಡೆಕ್ಸ್ಟ್ರೊಮೆಥಾರ್ಫಾನ್ ಇದ್ದರೆ ಅದು ಈ ಮಾತ್ರೆಗಳೊಂದಿಗೆ ಹೊಂದುವುದಿಲ್ಲ. ಆದ್ದರಿಂದ ನಾಟಿ ಔಷಧವಾಗಲಿ, ಸಿರಪ್ ಆಗಲಿ, ಕೇಳದೆ ಕೊಡಬೇಡಿ.

ತಪ್ಪು ಕಲ್ಪನೆ 7: ‘ಮಾತ್ರೆ ಶುರುವಾಯ್ತಲ್ಲ, ಇನ್ನು ಕೌನ್ಸೆಲಿಂಗ್ ಯಾಕೆ?’

ಸತ್ಯ: 7ರಿಂದ 17 ವಯಸ್ಸಿನ, ಓಸಿಡಿಯಿದ್ದ 112 ಮಕ್ಕಳ ಮೇಲೆ 12 ವಾರ ನಡೆದ ಅಮೆರಿಕದ ‘ಪಾಟ್ಸ್’ ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಲಕ್ಷಣಗಳು ಬಹುಮಟ್ಟಿಗೆ ಮಾಯವಾದದ್ದು ಹುಸಿಮಾತ್ರೆಯ ಗುಂಪಿನಲ್ಲಿ ಶೇ 3.6, ಸರ್ಟ್ರಲಿನ್ ಒಂದನ್ನೇ ಪಡೆದವರಲ್ಲಿ ಶೇ 21.4, ಮನೋಚಿಕಿತ್ಸೆ ಒಂದನ್ನೇ ಪಡೆದವರಲ್ಲಿ ಶೇ 39.3, ಎರಡನ್ನೂ ಪಡೆದವರಲ್ಲಿ ಶೇ 53.6 ಮಕ್ಕಳಿಗೆ. ಇತರ ಆತಂಕದ ಕಾಯಿಲೆಗಳಿದ್ದ 488 ಮಕ್ಕಳ ‘ಕ್ಯಾಮ್ಸ್’ ಅಧ್ಯಯನದಲ್ಲೂ (2008) ಜೋಡಿ ಚಿಕಿತ್ಸೆಯೇ ಮುಂದು. ಅಲ್ಲಿ ಶೇ 80.7 ಮಕ್ಕಳು ಚೆನ್ನಾಗಿ ಸುಧಾರಿಸಿದರು.

ಈ ಮನೋಚಿಕಿತ್ಸೆಯೆಂದರೆ ಬುದ್ಧಿಮಾತು ಹೇಳುವುದಲ್ಲ. ಇಆರ್‌ಪಿ ಎಂಬ ಪದ್ಧತಿಯಲ್ಲಿ ಮಗು ತನ್ನ ಭಯಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಪಟ್ಟಿ ಮಾಡುತ್ತದೆ. ಮೊದಲು ತನ್ನ ಚಪ್ಪಲಿ ಮುಟ್ಟಿ ಐದು ನಿಮಿಷ ಕೈ ತೊಳೆಯದೆ ಇರುವುದು. ಆಮೇಲೆ ಹತ್ತು ನಿಮಿಷ. ಆಮೇಲೆ ಅಪ್ಪನ ಚಪ್ಪಲಿ. ಭಯ ಏರುತ್ತದೆ, ಏನೂ ಆಗುವುದಿಲ್ಲ, ತಾನಾಗಿ ಇಳಿಯುತ್ತದೆ. ಅದು ಇಳಿಯುವುದನ್ನು ಮಗು ಸ್ವತಃ ಅನುಭವಿಸಿ ಕಲಿಯಬೇಕು. ಬಾವಿಯಲ್ಲಿ ಈಜು ಕಲಿಯುವವರ ಬೆನ್ನಿಗೆ ಕಟ್ಟುವ ಸೋರೆಬುರುಡೆಯಷ್ಟೇ ಮಾತ್ರೆಯ ಪಾತ್ರ. ಮುಳುಗದಂತೆ ಹಿಡಿಯುತ್ತದೆ, ಕೈಕಾಲು ಬಡಿಯಬೇಕಾದ್ದು ಮಗುವೇ. ತೊಂದರೆ ಸೌಮ್ಯವಾಗಿದ್ದರೆ ಮಾತ್ರೆಯಿಲ್ಲದೆ ಇಆರ್‌ಪಿ ಒಂದೇ ಸಾಕಾಗಬಹುದು.

ತಪ್ಪು ಕಲ್ಪನೆ 8: ‘ಕೇಳಿದಾಗ ಸಮಾಧಾನ ಹೇಳಿದ್ರೆ ತಪ್ಪೇನು? ಪಾಪ, ಮಗು.’

ಸತ್ಯ: ರಾತ್ರಿ ದೀಪ ಆರಿಸಿದ ಮೇಲೆ ಮಗ ಕೇಳುತ್ತಾನೆ, ‘ಅಮ್ಮಾ, ಗ್ಯಾಸ್ ಆಫ್ ಮಾಡಿದ್ಯಾ?’ ‘ಮಾಡಿದೀನಿ ಕಂದ.’ ಎರಡು ನಿಮಿಷ ಬಿಟ್ಟು, ‘ನಿಜವಾಗ್ಲೂ?’ ಅಮ್ಮ ಎದ್ದು ಹೋಗಿ ನೋಡಿ ಬರುತ್ತಾಳೆ. ಆಮೇಲೆ ‘ಸರಿಯಾಗಿ ನೋಡಿದ್ಯಾ?’ ಪ್ರತಿ ಉತ್ತರದಿಂದ ಮಗನಿಗೆ ಗಳಿಗೆಯ ನೆಮ್ಮದಿ ಸಿಗುತ್ತದೆ, ಗೀಳಿಗೆ ಇನ್ನೊಂದು ತುತ್ತು ಸಿಗುತ್ತದೆ. ಮಗು ಮುಟ್ಟದ ಬಾಗಿಲನ್ನು ತಾವೇ ತೆರೆಯುವುದು, ಮನೆಮಂದಿಯೆಲ್ಲ ಕೈ ತೊಳೆದೇ ಒಳಬರುವುದು ಇದೇ ಬಗೆ. ಮಾತ್ರೆ ಎಷ್ಟೇ ಚೆನ್ನಾಗಿದ್ದರೂ ಮನೆ ಹೀಗೆ ನಡೆದರೆ ಅದರ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಹಾಗೆಂದು ಗದರಿಸಿ ಬಾಯಿ ಮುಚ್ಚಿಸುವುದೂ ಸಲ್ಲದು. ಹಗಲಿನಲ್ಲಿ ಮಗುವಿಗೆ ಮೊದಲೇ ತಿಳಿಸಿ, ಒಪ್ಪಿಸಿ, ‘ಒಂದು ಸಲ ಹೇಳ್ತೀನಿ. ಎರಡನೇ ಸಲ ಕೇಳಿದ್ರೆ ಅದು ನಿನ್ನ ಗೀಳು ಕೇಳ್ತಿರೋದು, ಅದಕ್ಕೆ ನಾನು ಉತ್ತರ ಕೊಡಲ್ಲ. ನಿಂಗೆ ಭಯ ಆಗ್ತಿದೆ ಅಂತ ಗೊತ್ತು, ನೀನು ತಡ್ಕೊಳ್ತೀಯ ಅಂತಾನೂ ಗೊತ್ತು’ ಎನ್ನಬೇಕು. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ತಂಡ ಹೆತ್ತವರಿಗೆ ಮಾತ್ರ ಇಂಥ ತರಬೇತಿ ಕೊಟ್ಟು ನೋಡಿತು. ಆತಂಕದ ಕಾಯಿಲೆಯಿದ್ದ 124 ಮಕ್ಕಳ ಆ ಅಧ್ಯಯನದಲ್ಲಿ, ಮಕ್ಕಳಿಗೇ ನೇರ ಚಿಕಿತ್ಸೆ ಕೊಟ್ಟದ್ದಕ್ಕಿಂತ ಇದು ಕಡಿಮೆಯೇನೂ ಇರಲಿಲ್ಲ.

ತಪ್ಪು ಕಲ್ಪನೆ 9: ‘ಈಗ ಚೆನ್ನಾಗಿದಾಳೆ, ಮಾತ್ರೆ ನಿಲ್ಲಿಸೋಣ’, ಇಲ್ಲವೇ, ‘ಇದು ಜೀವನಪೂರ್ತಿ ಇರೋದೇ.’

ಸತ್ಯ: ಎರಡೂ ಅಲ್ಲ. ಚೇತರಿಸಿಕೊಂಡ ಮೇಲೂ ಆರು ತಿಂಗಳಿಂದ ಒಂದು ವರ್ಷವಾದರೂ ಮುಂದುವರಿಸಿ, ಆಮೇಲೆ ವೈದ್ಯರ ಲೆಕ್ಕದಂತೆ ಮೆಲ್ಲಗೆ ಇಳಿಸುವುದು ಪದ್ಧತಿ. ಪರೀಕ್ಷೆ, ಶಾಲೆ ಬದಲು, ಮನೆ ಬದಲಿನ ಹೊತ್ತಿನಲ್ಲಿ ಇಳಿಸಲು ಹೋಗಬೇಡಿ. ಕೆಲವರಿಗೆ ಲಕ್ಷಣ ಮರಳಬಹುದು, ಆಗ ಮತ್ತೆ ಕೆಲವು ಕಾಲ ಬೇಕಾಗುತ್ತದೆ. ಇಆರ್‌ಪಿ ಕಲಿತ ಮಗು ಮರುಕಳಿಕೆಯನ್ನು ಬೇಗ ಗುರುತಿಸುತ್ತದೆ.

ಕಡೆಗೆ ಉಳಿಯುವುದು ‘ಯಾರಿಗಾದರೂ ಗೊತ್ತಾದರೆ?’ ಎಂಬ ಅಳುಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿರುವ ಹಕ್ಕು ಕೊಟ್ಟಿದೆ. ದೇಹದ ಕಾಯಿಲೆಗಳಿಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದೂ ಹೇಳಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಮೀಸಲಾದ ಕ್ಲಿನಿಕ್ ಇದೆ, ಮಕ್ಕಳ ಮನೋವೈದ್ಯ ವಿಭಾಗವೂ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಫ್ರಿಜ್ಜಿನ ಮೇಲಿನ ಚೀಟಿಯ ಬಗ್ಗೆ ಅನುಮಾನವಿದ್ದರೆ ಅದನ್ನು ಬರೆದ ವೈದ್ಯರನ್ನೇ ಕೇಳಿ: ಯಾವ ಮಾತ್ರೆ, ಎಷ್ಟು ವಾರಕ್ಕೆ ಗುಣ ಕಾಣಬೇಕು, ಯಾವ ಲಕ್ಷಣ ಕಂಡರೆ ಕೂಡಲೇ ಫೋನ್ ಮಾಡಬೇಕು, ಇಆರ್‌ಪಿ ಯಾರು ಮಾಡಿಸುತ್ತಾರೆ, ಯಾವಾಗ ಇಳಿಸುತ್ತೀರಿ. ಈ ಐದಕ್ಕೂ ಸಮಾಧಾನವಾಗಿ ಉತ್ತರ ಕೊಡದ ವೈದ್ಯರಿದ್ದರೆ ಇನ್ನೊಬ್ಬರನ್ನು ಕಾಣಿ. ಉತ್ತರ ಸಿಕ್ಕ ಮೇಲೆ ಮಾತ್ರ ಅರ್ಧ ಮುರಿಯಬೇಡಿ, ಮಧ್ಯೆ ನಿಲ್ಲಿಸಬೇಡಿ.